ಮೂರು ಬೇಲಿಯಲ್ಲಿ ಎರಡು ಹೋದವು, ಉಳಿದಿರೋದು ನಕ್ಷೆಯ ಬಣ್ಣ

ಈ ಸಲ ಬೆಳೆ ವಿಚಾರ ಬರೀತಿಲ್ಲ. ಅವರೆಗೆ ಬಿದ್ದಿರೋ ಹುಳದ ಬಗ್ಗೆ ಮೂರ್ನಾಲ್ಕು ಜನ ಕೇಳಿದ್ದೀರಿ, ಅದು ಮುಂದಿನ ವಾರ. ಇದು ಅದಕ್ಕಿಂತ ಅವಸರದ್ದು. ನಮ್ಮ ಕಡೆಯ ಮಾಸ್ಟರ್ ಪ್ಲಾನ್ ಪರಿಷ್ಕರಣೆಯ ಕರಡು ನಕ್ಷೆ ಪ್ರಕಟ ಆಗಿದೆ. ಆಕ್ಷೇಪಣೆ ಹಾಕೋಕೆ ಇರೋ 60 ದಿನದಲ್ಲಿ 18 ದಿನ ಆಗಲೇ ಕಳೆದುಹೋಯ್ತು. ಡೈರಿ ಹತ್ರ ಈ ಮಾತೆತ್ತಿದ್ರೆ "ಅದೆಲ್ಲ ಸಿಟಿಯವರದ್ದು ಬಿಡಣ್ಣ" ಅಂತಾರೆ. ಸಿಟಿಯವರದ್ದಾಗಿದ್ರೆ ಆ ನಕ್ಷೆಯಲ್ಲಿ ನಮ್ಮ ಸರ್ವೆ ನಂಬರ್ ಯಾಕಿರುತ್ತೆ?

ಒಂದು ಕಾಲದಲ್ಲಿ ನಮ್ಮ ಹೊಲಕ್ಕೆ ಕಾನೂನಿನ ಬೇಲಿ ಮೂರಿತ್ತು. ಒಂದು, ಜಮೀನು ಯಾರು ಕೊಳ್ಳಬಹುದು ಅನ್ನೋದು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅದನ್ನ ಕಾಯ್ತಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನ ತೆಗೆದುಹಾಕಿದರು. ಅವು ಇದ್ದಾಗಲೂ ಕಳ್ಳದಾರಿ ಇತ್ತು, ಒಪ್ತೀನಿ. ಆದ್ರೆ ದನ ನುಗ್ಗುತ್ತೆ ಅಂತ ಯಾರಾದ್ರೂ ಬೇಲಿ ಕಿತ್ತು ಒಲೆಗೆ ಹಾಕ್ತಾರಾ? ಎರಡನೇದು ಭೂಪರಿವರ್ತನೆ, 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ. ಇದನ್ನೂ ಸಡಿಲ ಮಾಡ್ತಾ ಮಾಡ್ತಾ, ಮಾಸ್ಟರ್ ಪ್ಲಾನ್ ಇರೋ ಕಡೆ ಪ್ಲಾನಿನಲ್ಲಿ ಹೇಳಿದ ಬಳಕೆಗೇ ಆದ್ರೆ ಪರಿವರ್ತನೆ ಅನ್ನೋದು ಹೆಚ್ಚುಕಮ್ಮಿ ಶುಲ್ಕ ಕಟ್ಟೋ ಕೆಲಸ ಆಗಿದೆ. ಸ್ವಂತ ಮನೆ ಕಟ್ಟೋಕೆ ನಾಲ್ಕು ಗುಂಟೆ ಪರಿವರ್ತನೆಗೆ ಡಿಸಿ ಕಚೇರಿ ಸುತ್ತಿ ಚಪ್ಪಲಿ ಸವೆಸಿದವರು ನಮ್ಮಲ್ಲೇ ಇದ್ದಾರೆ, ಅವರಿಗೆ ಇದು ಒಳ್ಳೇದೇ. ಆದ್ರೆ ನಾಲ್ಕು ಗುಂಟೆಯವನಿಗೆ ತೆಗೆದ ಬಾಗಿಲಲ್ಲಿ ನಲವತ್ತು ಎಕರೆಯವನೂ ಬರ್ತಾನೆ.

ಉಳಿದ ಮೂರನೇ ಬೇಲಿ ಅಂದ್ರೆ ನಕ್ಷೆಯ ಬಣ್ಣ. ತಿಳಿಹಸಿರು ಅಂದ್ರೆ ಕೃಷಿ, ಹಳದಿ ಅಂದ್ರೆ ವಸತಿ, ನೇರಳೆ ಅಂದ್ರೆ ಕೈಗಾರಿಕೆ. ಮುಂಚೆ ಪ್ಲಾನಿನಲ್ಲಿ ತಪ್ಪಾದ್ರೂ ಪರಿವರ್ತನೆ ಹಂತದಲ್ಲಿ ಹಿಡಿಯೋ ಅವಕಾಶ ಇತ್ತು. ಈಗ ಬಣ್ಣ ಬಳಿದ ದಿನವೇ ತೀರ್ಮಾನ.

ಹಂಗಾದ್ರೆ ಬಣ್ಣ ಬಳಿಯೋವಾಗ ನಮ್ಮ ಮಾತು ಯಾರು ಕೇಳ್ತಾರೆ? 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಕಲಂ ನೋಡಿ. ಪ್ರಾಧಿಕಾರ ಪ್ಲಾನ್ ಬರೆಯುತ್ತೆ, ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಡುತ್ತೆ, ಪ್ರಕಟ ಆದ 60 ದಿನದೊಳಗೆ ಜನ ಲಿಖಿತವಾಗಿ ಹೇಳಬೇಕು. ಅದನ್ನ ಪರಿಶೀಲಿಸೋದು ಪ್ಲಾನ್ ಬರೆದ ಅದೇ ಪ್ರಾಧಿಕಾರ! ಅಲ್ಲಿಂದ ಸರ್ಕಾರಕ್ಕೆ, ಅಲ್ಲಿಂದ ಅಂತಿಮ. ಮಧ್ಯದಲ್ಲಿ ಬೇರೆಯವರು ಒಬ್ಬರು ಕೂತು ಎರಡೂ ಕಡೆ ಕೇಳೋ ಏರ್ಪಾಡಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಾದ್ರೂ 15ನೇ ಕಲಂ ಪ್ರಕಾರ ಆಕ್ಷೇಪಣೆ ಹಾಕಿದವನನ್ನ ಖುದ್ದು ವಿಚಾರಿಸಬೇಕು. ಅಂದ್ರೆ ಜಮೀನು ಕಿತ್ಕೊಳ್ಳೋವಾಗ ಮಾತಾಡೋ ಹಕ್ಕಿದೆ, ಅದರ ಹಣೆಬರಹ ಬರೆಯೋವಾಗ ಅರ್ಜಿ ಡಬ್ಬಿಗೆ ಹಾಕಿ ಮನೆಗೆ ಹೋಗಬೇಕು. ಇದು ಯಾವ ಸೀಮೆ ನ್ಯಾಯ?

ನಕ್ಷೆ ನೋಡೋಕೆ ಮೊನ್ನೆ ಕಚೇರಿಗೆ ಹೋಗಿದ್ದೆ. ಗೋಡೆ ಮೇಲೆ ಒಂದು ದೊಡ್ಡ ಹಾಳೆ, ಪೂರ್ತಿ ಇಂಗ್ಲಿಷು. ನಮ್ಮೂರು ಹೆಬ್ಬೆಟ್ಟಿನಷ್ಟು. ಸರ್ವೆ ನಂಬರ್ ಎಲ್ಲಿ ಅಂದ್ರೆ "ಆನ್‌ಲೈನಲ್ಲಿದೆ, ನೋಡ್ಕೊಳ್ಳಿ" ಅಂದರು. ಮಗನ ಫೋನಲ್ಲಿ ಹಿಗ್ಗಿಸಿ ಹಿಗ್ಗಿಸಿ ಕೆರೆ ಕೋಡಿಯ ಗುರುತು ಹಿಡಿದು ಲೆಕ್ಕ ಹಾಕಿದ್ದಾಯ್ತು. ಕೆರೆ ಅಚ್ಚುಕಟ್ಟಿನ ಕೆಳಪಾತ್ರ, ವರ್ಷಕ್ಕೆ ಎರಡು ಬೆಳೆ ಕೊಡೋ ಎರೆ ಮಿಶ್ರಿತ ಭೂಮಿ, ಅದಕ್ಕೆ ಹಳದಿ. ಗುಡ್ಡದ ಮಗ್ಗುಲಿನ ಕಲ್ಲುನೆಲ, ಹುರುಳಿ ಹಾಕಿದ್ರೂ ಬೀಜ ವಾಪಸ್ ಬರಲ್ಲ, ಅದಕ್ಕೆ ಹಸಿರು. ಮೇಲಿನ ಕೆರೆಯಿಂದ ನೀರು ತರೋ ಕಾಲುವೆಯನ್ನ ಒಂದು ರಸ್ತೆ ಗೆರೆ ಅಡ್ಡ ದಾಟಿದೆ, ಅದೇ ಗೆರೆ ನಾಲ್ಕು ಮನೆಯವರ ಬೋರ್‌ವೆಲ್ ಮೇಲೆ ಹೋಗಿದೆ. ಇದನ್ನ ಎಳೆದವರು ಒಂದು ಮಳೆಗಾಲ ಇಲ್ಲಿಗೆ ಬಂದು ನಿಂತಿದ್ರೆ ಸಾಕಿತ್ತು.

ಹಸಿರು ಅಂದ ತಕ್ಷಣ ನಿರಾಳ ಆಗಬೇಡಿ, ಹಸಿರಲ್ಲೂ ಎರಡಿದೆ. ಒಂದು ಕೃಷಿ, ಇನ್ನೊಂದು ಪಾರ್ಕು, ಬಯಲು ಜಾಗ. ಎರಡನೇದು ಬಂದ್ರೆ ನಿಮ್ಮ ಹೊಲ ಸಾರ್ವಜನಿಕ ಉದ್ದೇಶಕ್ಕೆ ಮೀಸಲು ಅಂತ. 69ನೇ ಕಲಂ ಪ್ರಕಾರ ಐದು ವರ್ಷದಲ್ಲಿ ಸ್ವಾಧೀನ ಆಗದಿದ್ರೆ ಆ ಮೀಸಲು ರದ್ದಾಗುತ್ತೆ. ರದ್ದಾಯ್ತು ಅಂತ ಮನೆಗೆ ಬಂದು ಹೇಳೋರು ಯಾರೂ ಇಲ್ಲ, ಬ್ಯಾಂಕಿನವನು ನಕ್ಷೆಯನ್ನೇ ನೋಡೋದು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡಿಗೆ 2005ರಲ್ಲೇ ಅಧಿಸೂಚನೆ ಆಯ್ತು. ಅದು ಬೇರೆ ಕಾಯ್ದೆ, ಗತಿ ಮಾತ್ರ ಇದೇ. ಇಪ್ಪತ್ತು ವರ್ಷ ಕಳೆದರೂ ರಸ್ತೆ ಇಲ್ಲ, ಹೆಸರು ಮಾತ್ರ ಬಿಸಿನೆಸ್ ಕಾರಿಡಾರ್ ಅಂತಾಯ್ತು. ಗೆರೆಯೊಳಗೆ ಸಿಕ್ಕ ರೈತರು ಮಾರೋ ಹಂಗೂ ಇಲ್ಲ, ಧೈರ್ಯವಾಗಿ ತೋಟ ಇಡೋ ಹಂಗೂ ಇಲ್ಲ.

ಇಷ್ಟೆಲ್ಲ ಆಗಿ ನಕ್ಷೆ ಅಂತಿಮ ಆದ್ಮೇಲೂ ಬಣ್ಣ ಬದಲಾಗಲ್ಲ ಅಂತಲ್ಲ. 14ಎ ಕಲಂ ಇದೆ. ಪತ್ರಿಕೆಯಲ್ಲಿ ಒಂದು ಪ್ರಕಟಣೆ, ಆಕ್ಷೇಪಣೆಗೆ ಕನಿಷ್ಠ 15 ದಿನ. ಬಡಾವಣೆ ಮಾಡೋನಿಗೆ ಆ ಪ್ರಕಟಣೆ ಯಾವತ್ತು ಬರುತ್ತೆ ಅಂತ ಗೊತ್ತಿರುತ್ತೆ. ನಮಗೆ, ಬಜ್ಜಿ ಕಟ್ಟಿಕೊಟ್ಟ ಪೇಪರಲ್ಲಿ ಸಿಕ್ಕರೆ ಉಂಟು.

"ಹಳದಿ ಆಗಲಿ ಬಿಡಪ್ಪ, ರೇಟು ಬರುತ್ತೆ" ಅನ್ನೋರಿಗೆ ಒಂದು ಮಾತು. ಮಾರೋರನ್ನ ನಾನು ಬೈಯಲ್ಲ. ಮಗಳ ಮದುವೆ, ಆಸ್ಪತ್ರೆ ಖರ್ಚು ಯಾರ ಮನೆಯಲ್ಲಿಲ್ಲ? ಆದ್ರೆ ಸ್ವಲ್ಪ ಯೋಚನೆ ಮಾಡಿ. ಕರಡು ಹೊರಬರೋಕೆ ಮುಂಚೆಯೇ ಅಗ್ರಿಮೆಂಟ್ ಹಾಕಿಸಿಕೊಂಡು ಕೂತಿರೋರು ನಮ್ಮ ಹೋಬಳಿಯಲ್ಲಿ ಎಷ್ಟು ಜನ? ಅವರಿಗೆ ಹಳದಿ ರೇಟು, ಬರೆದುಕೊಟ್ಟವನಿಗೆ ಹಸಿರು ರೇಟು. ಮಾರದೆ ಉಳಿದವನ ಗದ್ದೆಗೆ ಮೇಲಿನ ಲೇಔಟಿನ ಮೋರಿ ನೀರು.

ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು 13 ಹಳ್ಳಿಯ 1,777 ಎಕರೆ ಉಳಿಸಿಕೊಳ್ಳೋಕೆ 2022ರ ಏಪ್ರಿಲ್‌ನಿಂದ ಧರಣಿ ಕೂತರು. 2025ರ ಜುಲೈ 15ಕ್ಕೆ ಸರ್ಕಾರ ಸ್ವಾಧೀನ ಕೈಬಿಡ್ತೀವಿ ಅಂತು. ಮೂರು ವರ್ಷಕ್ಕೂ ಮೇಲೆ, ಹೊಲದ ಕೆಲಸ ಬಿಟ್ಟು, ಹೆಂಗಸರು ಮಕ್ಕಳ ಸಮೇತ. ನಮಗೀಗ ಬೇಕಾಗಿರೋದು ಒಂದು ಹಾಳೆ, 42 ದಿನ. ಬರೆದು ಏನು ಉಪಯೋಗ ಅನ್ನೋರು ಬೆಂಗಳೂರಿನ 2031ರ ಪ್ಲಾನ್ ನೆನಪಿಸಿಕೊಳ್ಳಿ. 2017ರಲ್ಲಿ ಕರಡು ಬಂತು, ಸಾವಿರಗಟ್ಟಲೆ ಆಕ್ಷೇಪಣೆ ಬಿದ್ದವು, 2020ರಲ್ಲಿ ವಾಪಸ್ ತಗೊಂಡರು. ಬರೀ ಆಕ್ಷೇಪಣೆಯಿಂದಲೇ ಹೋಯ್ತು ಅಂತ ನಾನು ಹೇಳಲ್ಲ. ಆದ್ರೆ ಕಡತದಲ್ಲಿ ಇಲ್ಲದ ಮಾತಿಗೆ ಕೋರ್ಟಿನಲ್ಲೂ ತೂಕ ಇಲ್ಲ.

ನಾವು ಕೇಳಬೇಕಾಗಿರೋದು ದೊಡ್ಡದೇನಲ್ಲ. ಊರೂರಿನ ನಕ್ಷೆ ಸರ್ವೆ ನಂಬರ್ ಸಮೇತ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಬರಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಪ್ಲಾನ್ ಬರೆಯದ ಬೇರೆ ಅಧಿಕಾರಿ ಕೂತು ನಮ್ಮನ್ನ ಎದುರಿಗೆ ಕೇಳಲಿ. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಬರೆದುಕೊಡಲಿ. ಈ ಮೂರನ್ನೂ ಅರ್ಜಿಯಲ್ಲೇ ಸೇರಿಸಿ.

ಊರಿಗೆಲ್ಲ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ ಕಳಿಸಬೇಡಿ, ಒಂದು ಅರ್ಜಿ ಅಂತ ಎಣಿಸಿ ಕಟ್ಟಿಡ್ತಾರೆ. ಖಾತೆದಾರ ಒಬ್ಬೊಬ್ಬರೂ ಬೇರೆ ಬೇರೆ ಬರೀರಿ. ಸರ್ವೆ ನಂಬರ್, ಈಗಿನ ಬೆಳೆ, ನೀರಿನ ಮೂಲ, ನಕ್ಷೆಯಲ್ಲಿ ಕೊಟ್ಟಿರೋ ಬಣ್ಣ, ನಿಮಗೆ ಬೇಕಾದ ಬಣ್ಣ, ಇಷ್ಟಿರಲಿ. ಸೀಲು ಹಾಕಿದ ಸ್ವೀಕೃತಿ ತಗೊಳ್ಳದೆ ಕೌಂಟರ್ ಬಿಡಬೇಡಿ. ಭಾನುವಾರ ಬೆಳಗ್ಗೆ ಹಾಲು ಹಾಕಿದ ಮೇಲೆ ಡೈರಿ ಹತ್ರ ಇರ್ತೀನಿ, ಗ್ರಾಮ ನಕ್ಷೆ ತಂದಿರ್ತೀನಿ. ಪಹಣಿ ಜೆರಾಕ್ಸ್ ಎರಡು ಪ್ರತಿ ನೀವು ತನ್ನಿ.