267ರಲ್ಲಿ 136

ವಾರದಿಂದ ಈ ಲೆಕ್ಕ ತಲೆಯಿಂದ ಇಳಿದಿಲ್ಲ. ಡೆನ್ಮಾರ್ಕಿನ ಲೂಥರನ್ ಬಿಷಪ್ ಥೋಮಾಸ್ ಕಿಂಗೋ 1689ರಲ್ಲಿ ಅಚ್ಚು ಹಾಕಿಸಿದ ಕೀರ್ತನೆ ಪುಸ್ತಕದ 267 ಹಾಡುಗಳಲ್ಲಿ 136 ಅವನವೇ. ಅಹಂಕಾರದಿಂದ ಕೈಸುಟ್ಟುಕೊಂಡ ಎಂದು ಎಲ್ಲೋ ಓದಿದೆ. ಕವಿಯ ಇಡೀ ಬದುಕನ್ನು ಒಂದೇ ಮೊಳೆಗೆ ನೇತುಹಾಕುವ ಇಂಥ ಬರವಣಿಗೆ ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಿಂಗೋ ಸ್ಲಾಂಗೆರುಪ್ ಎಂಬ ಊರಿನ ನೇಕಾರನ ಮಗ. 1634ರಲ್ಲಿ ಹುಟ್ಟಿದ, ಅದೇ ಊರಿನಲ್ಲಿ ಪಾದ್ರಿಯಾದ, 1677ರಲ್ಲಿ ಫ್ಯೂನ್ ದ್ವೀಪಕ್ಕೆ ಬಿಷಪ್ ಆದ. ಅಷ್ಟರಲ್ಲಿ, 1674ರಲ್ಲೇ, ಅವನ ಮೊದಲ ಹಾಡುಪುಸ್ತಕ ಬಂದಿತ್ತು: ವಾರದ ಏಳು ಬೆಳಗಿಗೆ ಏಳು ಹಾಡು, ಏಳು ಸಂಜೆಗೆ ಏಳು. ಅವನು ಹಿಡಿದ ಮಟ್ಟುಗಳಲ್ಲಿ ಹಲವು ಜನರ ಬಾಯಲ್ಲಿದ್ದ ಪ್ರೇಮಗೀತೆಗಳವು, ಕುಣಿತದವು.

ಕಂಪನಿ ನಾಟಕಗಳ ಹಾಡುಪುಸ್ತಕದ ಬಗ್ಗೆ ಬರೆದಾಗಲೇ ಹೇಳಿದ್ದೆ: ಹಾಡಿನ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚಾದ ಸಾಲು ದೊಡ್ಡ ಉಪಕಾರ ಮಾಡುತ್ತದೆ. ಧಾಟಿ ಮೊದಲೇ ಗೊತ್ತಿದ್ದರೆ ಓದುಬಾರದವರ ನಾಲಗೆಗೂ ಎರಡು ಸಲ ಕೇಳಿದ ಪದ ಹತ್ತುತ್ತದೆ. ಕಿಂಗೋ ಪೋಲಿ ರಾಗಗಳನ್ನು ಶುದ್ಧ ಮಾಡಿದ ಎನ್ನುವವರಿದ್ದಾರೆ. ರಾಗಕ್ಕೆ ಎಲ್ಲಿಯ ಮೈಲಿಗೆ? ಅದೇ ಏರು, ಅದೇ ಇಳಿತ. ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವ ಜಾಗವೂ ಅದೇ. ನಲ್ಲೆಯನ್ನು ಕರೆಯುತ್ತಿದ್ದ ಕಡೆ ಈಗ ದೇವರನ್ನು ಕರೆದರು, ಅಷ್ಟೇ. ಕರೆಯುವ ಆಸೆಯಂತೂ ರಾಗದೊಳಗೆ ಮೊದಲಿನಿಂದಲೂ ಇತ್ತು.

ಲೆಕ್ಕಕ್ಕೆ ಬರೋಣ. 1683ರಲ್ಲಿ ಚರ್ಚುಗಳಿಗೆ ಹೊಸ ಪುಸ್ತಕ ಕಟ್ಟಿಕೊಡಲು ಹೇಳಿದವನು ದೊರೆ ಐದನೆಯ ಕ್ರಿಸ್ಟಿಯಾನ್. ಅದರ ಚಳಿಗಾಲದ ಭಾಗ, ಅಂದರೆ 1689ರ ಆ 267 ಹಾಡುಗಳ ಪುಸ್ತಕ, ಹೊರಬಂದದ್ದೇ ತಡ, ಆಕ್ಷೇಪಗಳೆದ್ದು ಅಪ್ಪಣೆ ರದ್ದಾಯಿತು. ಅಚ್ಚಿಗೆ ಹಾಕಿದ ದುಡ್ಡೂ ಮುಳುಗಿತು. ಆಮೇಲೆ ಸೋರೆನ್ ಯೋನೆಸೆನ್ ಸಿದ್ಧಪಡಿಸಿದ ಪುಸ್ತಕದಲ್ಲಿ ಕಿಂಗೋನದು ಒಂದು ಹಾಡೂ ಇರಲಿಲ್ಲ. ಅದೂ ನಿಲ್ಲಲಿಲ್ಲ. ಕೊನೆಗೆ ಸಮಿತಿಯೊಂದು 1699ರಲ್ಲಿ ತಂದ ಪುಸ್ತಕದಲ್ಲಿ ಅವನವು 85.

ಇಷ್ಟು ಬರೆದ ಮೇಲೆ ನನ್ನ ಪ್ರಶ್ನೆಯೇ ದಾರಿ ತಪ್ಪಿತ್ತು ಅನ್ನಿಸುತ್ತಿದೆ. ಅವನು ಹೆಚ್ಚು ತುಂಬಿದನೋ ಇಲ್ಲವೋ ಎಂದು ನಾನು ಎಣಿಸುತ್ತ ಕುಳಿತೆ. ಹಾಡಿದ ಜನ ಎಣಿಸಲೇ ಇಲ್ಲವಲ್ಲ! ಸಮಿತಿಯ ಪುಸ್ತಕವನ್ನು ಅವರು ಕಿಂಗೋನ ಪುಸ್ತಕ ಎಂದೇ ಕರೆದರು. ನೂರು ವರ್ಷದ ಮೇಲೆ ಹೊಸತು ಬಂದಾಗ ಯೂಟ್ಲೆಂಡಿನ ಕೆಲವು ರೈತರು ಇದನ್ನು ಕೈಬಿಡಲು ಒಪ್ಪಲಿಲ್ಲ. ಹೀಗೆ ಒಬ್ಬನ ಹೆಸರು ಪುಸ್ತಕಕ್ಕೆ ಅಂಟಿಕೊಳ್ಳುವುದು ಹೇಗೆ?

ಕಿಂಗೋ 1703ರಲ್ಲಿ ತೀರಿಕೊಂಡ. ಫಾರೋ ದ್ವೀಪಗಳ ಹಳ್ಳಿಗಳಲ್ಲಿ ಅವನ ಹಾಡುಗಳನ್ನು ಇಪ್ಪತ್ತನೆಯ ಶತಮಾನದಲ್ಲೂ ಆರ್ಗನ್ ಇಲ್ಲದೆ, ಸ್ವರಲಿಪಿ ಇಲ್ಲದೆ, ಹಿರಿಯರ ಬಾಯಿಂದ ಕಲಿತು ಹಾಡುತ್ತಿದ್ದರು. ಆ ಹಾಡಿಕೆಯ ಧ್ವನಿಮುದ್ರಣ ಕೇಳಿದ್ದೇನೆ. ಒಂದೊಂದು ಅಕ್ಷರವನ್ನೂ ನಿಧಾನವಾಗಿ ಎಳೆಯುತ್ತಾರೆ, ಒಬ್ಬೊಬ್ಬರೂ ತಮ್ಮದೇ ಕೊಂಕು ಹಾಕುತ್ತಾರೆ. ಉಳಿದವರೆಲ್ಲ ಮುಂದಿನ ಪದಕ್ಕೆ ಬಂದಾಗಲೂ ಒಂದು ಮುದಿ ದನಿ ಹಿಂದಿನ ಅಕ್ಷರದಲ್ಲೇ ಇನ್ನೂ ಏರುತ್ತಿರುತ್ತದೆ, ಯಾರೂ ಅದನ್ನು ಅವಸರಪಡಿಸುವುದಿಲ್ಲ.