ಕರೆಂಟ್ ಹೋದರೆ ಯಾವುದು, ಸಾರ್?

ಈ ಸಲದ ಇಂಟರ್ನ್‌ಶಿಪ್‌ನಲ್ಲಿ ಕುರುಡುಮಲೆ ಕಡೆಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಪಾಠ ನೋಡಿದೆ. ವಿಷಯ: ಮಿತ ವಿದ್ಯುತ್ ಬಳಸುವ ಎರಡು ಪ್ರೊಸೆಸರ್‌ಗಳ ಹೋಲಿಕೆ. ಪ್ರಶಿಕ್ಷಣಾರ್ಥಿ ಶ್ರಮಪಟ್ಟು ಎರಡು ಉಪಕರಣಗಳನ್ನು ತಂದಿದ್ದರು. ಒಂದು, 2008ರಲ್ಲಿ ಬಂದ ಇಂಟೆಲ್ ಆಟಮ್ ಎನ್270 ಇರುವ ಹಳೆಯ ಪುಟ್ಟ ಲ್ಯಾಪ್‌ಟಾಪ್. ಇನ್ನೊಂದು, 2016ರ ರಾಸ್ಪ್‌ಬೆರಿ ಪೈ 3, ಅಂಗೈಯಗಲದ ಬೋರ್ಡು. ಕರಿಹಲಗೆಯ ಮೇಲೆ ಅಚ್ಚುಕಟ್ಟಾದ ಕೋಷ್ಟಕ: ಆಟಮ್ 1.6 ಗಿಗಾಹರ್ಟ್ಸ್, 2.5 ವ್ಯಾಟ್, ಪೈ 1.2 ಗಿಗಾಹರ್ಟ್ಸ್, 12.5 ವ್ಯಾಟ್. ತೀರ್ಮಾನ: ಆಟಮ್‌ಗೆ ವೇಗವೂ ಹೆಚ್ಚು, ಖರ್ಚೂ ಕಡಿಮೆ. ನಾನು ಅವಲೋಕನ ಪತ್ರದಲ್ಲಿ 'ಹೋಲಿಕೆ ಸ್ಪಷ್ಟವಾಗಿದೆ' ಎಂದು ಬರೆದೆ.

ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು, "ಕರೆಂಟ್ ಹೋದರೆ ಯಾವುದು ಜಾಸ್ತಿ ಹೊತ್ತು ನಡೆಯುತ್ತೆ, ಸಾರ್?" ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಕೋಷ್ಟಕ ತೋರಿಸಿ ಕೂರಿಸಿದರು. ನಾನೂ ಸುಮ್ಮನಿದ್ದೆ. ಮುಳಬಾಗಿಲಿಗೆ ಬರುವ ಬಸ್ಸಿನಲ್ಲಿ ಕುಳಿತಾಗ ಆ ಪ್ರಶ್ನೆ ಕೊರೆಯತೊಡಗಿತು. ಕೋಷ್ಟಕದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

2.5 ವ್ಯಾಟ್ ಎಂಬುದು ಆಟಮ್ ಚಿಪ್ ಒಂದರದೇ ಅಂಕಿ. ಅದೂ ಮೀಟರಿನ ರೀಡಿಂಗ್ ಅಲ್ಲ, ಎಷ್ಟು ಶಾಖವನ್ನು ಹೊರಹಾಕುವ ಏರ್ಪಾಡು ಬೇಕು ಎಂದು ವಿನ್ಯಾಸ ಮಾಡುವವರಿಗೆ ಕೊಡುವ ಮಾಹಿತಿ. ಆ ಚಿಪ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಜೊತೆಗಿರುವ ಎರಡು ಸಹಾಯಕ ಚಿಪ್‌ಗಳ ಅಂಕಿ ಕೂಡಿಸಿದರೆ ಸುಮಾರು 12 ವ್ಯಾಟ್ ಆಗುತ್ತದೆ, ಪರದೆಯ ಲೆಕ್ಕ ಬೇರೆ. ಪೈ ಕಡೆಯ 12.5 ವ್ಯಾಟ್ ಎಲ್ಲಿಂದ ಬಂತು? 5 ವೋಲ್ಟ್, 2.5 ಆಂಪಿಯರ್ ಅಡಾಪ್ಟರನ್ನು ಗುಣಿಸಿದ್ದರಿಂದ. ಅದು ಬೋರ್ಡಿಗೂ ಅದಕ್ಕೆ ಚುಚ್ಚುವ ಉಪಕರಣಗಳಿಗೂ ಸೇರಿ ಅಡಾಪ್ಟರ್ ಕೊಡಬಲ್ಲ ಗರಿಷ್ಠ. ಬೋರ್ಡು ಯಾವಾಗಲೂ ಅಷ್ಟನ್ನು ಎಳೆಯುವುದಿಲ್ಲ. ಒಂದು ಟೊಮೆಟೊ ಕ್ರೇಟಿನ ತೂಕವನ್ನು ಒಂದು ಟೆಂಪೋ ಹೊರುವ ತೂಕಕ್ಕೆ ಹೋಲಿಸಿದಂತೆ! ವಡ್ಡಹಳ್ಳಿ ಮಂಡಿ ನೋಡಿದ ಮಕ್ಕಳು "ಇದು ಕ್ರೇಟಿಗೋ, ಕೆಜಿಗೋ?" ಎಂದು ಕೇಳದೆ ಬೆಲೆಯ ಮಾತೇ ಆಡುವುದಿಲ್ಲ. ನಾವು ಕೇಳಲಿಲ್ಲ.

ಗಿಗಾಹರ್ಟ್ಸ್ ಕಥೆಯೂ ಹಾಗೆಯೇ. ಸೆಕೆಂಡಿಗೆ ಎಷ್ಟು ಮಿಡಿತ ಎಂದು ಅದು ಹೇಳುತ್ತದೆ, ಮಿಡಿತಕ್ಕೆ ಎಷ್ಟು ಕೆಲಸ ಎಂದು ಹೇಳುವುದಿಲ್ಲ. ಆಟಮ್ ಎನ್270ರಲ್ಲಿ ಇರುವುದು ಒಂದೇ ಕೋರ್. ಪೈ 3ರಲ್ಲಿ ನಾಲ್ಕಿವೆ. ಒಬ್ಬ ಚುರುಕು ಕೂಲಿಯಾಳು, ನಾಲ್ವರು ಸ್ವಲ್ಪ ನಿಧಾನದವರು: ತೋಟದ ಕೆಲಸ ಹಂಚಿಕೊಳ್ಳುವಂಥದ್ದಾದರೆ ನಾಲ್ವರು ಗೆಲ್ಲುತ್ತಾರೆ, ಇಲ್ಲವಾದರೆ ಮೂವರು ಬದುವಿನ ಮೇಲೆ ಕೂರುತ್ತಾರೆ.

ನನಗೆ ಹೆಚ್ಚು ಕಳವಳ ತಂದದ್ದು ಒಂದು ಪದ. ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ 'ಕಡಿಮೆ ಶಕ್ತಿಯ ಪ್ರೊಸೆಸರ್' ಎಂದು ಬರೆದಿದ್ದರು. "ಅಂದರೆ ಕೈಲಾಗದ್ದಾ, ಸಾರ್?" ಎಂದು ಹುಡುಗನೊಬ್ಬ ಕೇಳಿ ತರಗತಿ ನಕ್ಕಿತು. ಅದು ತುಂಟತನ ಎಂದುಕೊಂಡೆವು. ಆದರೆ ಕನ್ನಡದಲ್ಲಿ ಆ ಮಾತಿಗೆ ಅದೇ ಅರ್ಥ! ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಸಾಮರ್ಥ್ಯ ಬೇರೆ, ಶಕ್ತಿ ಬೇರೆ. ವ್ಯಾಟ್ ಸಾಮರ್ಥ್ಯದ ಏಕಮಾನ, ಜೂಲ್ ಶಕ್ತಿಯದು. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಶಕ್ತಿ. ಬ್ಯಾಟರಿ ಖಾಲಿಯಾಗುವುದು ಈ ಗುಣಲಬ್ಧದಿಂದ. ಒಂದು ಯಂತ್ರ 10 ವ್ಯಾಟ್ ಎಳೆದು ಒಂದು ಕೆಲಸವನ್ನು 60 ಸೆಕೆಂಡಿನಲ್ಲಿ ಮುಗಿಸಿತು ಎಂದಿಟ್ಟುಕೊಳ್ಳಿ, 600 ಜೂಲ್. ಇನ್ನೊಂದು 5 ವ್ಯಾಟ್ ಎಳೆದು ಅದೇ ಕೆಲಸಕ್ಕೆ 150 ಸೆಕೆಂಡು ತೆಗೆದುಕೊಂಡರೆ 750 ಜೂಲ್. 'ಕಡಿಮೆ'ಯದೇ ಹೆಚ್ಚು ತಿಂದಿತು. ಹಾಗೆಂದು ಇದನ್ನೂ ಸೂತ್ರ ಮಾಡಬಾರದು. ನಮ್ಮ ತರಗತಿಗಳಲ್ಲಿ ಕಂಪ್ಯೂಟರ್ ಇಡೀ ಅವಧಿ ಆನ್ ಆಗಿದ್ದು, ಹೆಚ್ಚು ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ. ಅಂಥ ಕಡೆ, ಸುಮ್ಮನಿದ್ದಾಗ ಯಾವುದು ಕಡಿಮೆ ಎಳೆಯುತ್ತದೋ ಅದೇ ಮೇಲು.

ಚಿಕ್ಕ ಅಂಕಿಯನ್ನು ಬೇಕೆಂದೇ ಆರಿಸಿಕೊಂಡ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 2000ದಲ್ಲೇ 1,000 ಮೆಗಾಹರ್ಟ್ಸ್ ಮುಟ್ಟಿದ್ದವು. ಆದರೂ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನಲ್ಲಿ ಇದ್ದದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್. ಹಳ್ಳಿಯಲ್ಲಿ, ಕೈಯಲ್ಲಿ ಹಿಡಿದು, ಬ್ಯಾಟರಿಯ ಮೇಲೆ ನಡೆಸುವ ಯಂತ್ರ ಅದು. ಅದು ಹೆಚ್ಚು ಮಾರಾಟವಾಗಲಿಲ್ಲ ನಿಜ, ಆದರೆ ಅವರು ಮೊದಲು ಕೇಳಿಕೊಂಡ ಪ್ರಶ್ನೆ ನಮ್ಮ ಹುಡುಗಿಯದೇ.

ಹಾಗಾಗಿ ವಿಧಾನ ಬೋಧಕರಲ್ಲಿ ನನ್ನ ವಾದ ಇಷ್ಟು: ಇಂಥ ಪಾಠದಲ್ಲಿ ಕೋಷ್ಟಕ ಕೊನೆಗೆ ಬರಲಿ, ಅದನ್ನು ಮಕ್ಕಳೇ ತುಂಬಲಿ. ಸಾಕೆಟ್‌ಗೂ ಪ್ಲಗ್‌ಗೂ ನಡುವೆ ಹಾಕುವ ಒಂದು ವ್ಯಾಟ್ ಮೀಟರ್, ಒಂದು ಗಡಿಯಾರ ಸಾಕು. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಮೊದಲೇ ಪೂರ್ತಿ ಚಾರ್ಜ್ ಮಾಡಿಡಿ, ಇಲ್ಲವಾದರೆ ಚಾರ್ಜಿಂಗ್‌ನ ವ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಎರಡಕ್ಕೂ ಒಂದೇ ಕೆಲಸ ಕೊಡಿ. ಪೈಗೆ ಜೋಡಿಸಿದ ಪರದೆಯನ್ನೂ ಅದೇ ಮೀಟರಿಗೆ ಹಾಕಿ. ಈ ಕೊನೆಯದನ್ನು ಮರೆತರೆ ನಮ್ಮ ಹಳೆಯ ತಪ್ಪು ಹೊಸ ವೇಷದಲ್ಲಿ ಬಂದಂತೆ. ಒಂದು ಅವಧಿಯಲ್ಲಿ ಮುಗಿಯುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಮುಗಿಯುವುದಿಲ್ಲ, ಎರಡು ಅವಧಿ ಬೇಕು. ಪಾಠಯೋಜನೆಯ ನಮೂನೆಗಾಗಿ ಪಾಠವನ್ನು ಕತ್ತರಿಸುವ ಅಭ್ಯಾಸವನ್ನು ಪ್ರಶಿಕ್ಷಣಾರ್ಥಿಗಳಿಗೆ ಕಲಿಸಿದವರು ನಾವೇ ತಾನೆ?

ಕುರುಡುಮಲೆಯ ಸೋಮೇಶ್ವರ ದೇವಾಲಯದ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಮಗ ಡಂಕಣನದು ಎಂದು ಊರವರು ಹೇಳುತ್ತಾರೆ. ಯಾರ ಕೆಲಸ ಮೇಲು ಎಂದು ಕೇಳಿದರೆ ಅಲ್ಲಿನ ಮಕ್ಕಳು ಅಳತೆ ಓದಿ ಹೇಳುವುದಿಲ್ಲ, ಗೋಡೆಯ ಹತ್ತಿರ ಕರೆದೊಯ್ದು ತೋರಿಸುತ್ತಾರೆ.

ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಮಾತಾಡಿದೆ. ಮುಂದಿನ ವಾರ ಅದೇ ತರಗತಿಗೆ ಮೀಟರ್ ಹಿಡಿದು ಹೋಗುತ್ತಾರೆ. ಗಡಿಯಾರ ಆ ಹುಡುಗಿಯ ಕೈಯಲ್ಲಿ ಇರಲಿ ಎಂದಿದ್ದೇನೆ. ಅವಲೋಕನ ಪತ್ರದಲ್ಲಿ 'ಹೋಲಿಕೆ ಸ್ಪಷ್ಟವಾಗಿದೆ' ಎಂಬ ಸಾಲನ್ನು ಹೊಡೆದುಹಾಕಿ ಸಹಿ ಹಾಕಿದೆ. ಅಂಕ ಮಾತ್ರ ಕಡಿಮೆ ಮಾಡಲಿಲ್ಲ, ತಪ್ಪಿನಲ್ಲಿ ಅರ್ಧ ನನ್ನದು.