ಮಳೆ ರಜೆ ನಮ್ಮ ಮಕ್ಕಳಿಗೆ, ಪ್ಲಾನ್ ನಿಮಗೆ!

ಜೂನ್ ತಿಂಗಳು ಬಂತು ಅಂದ್ರೆ ಸಾಕು, ಮೂಡಿಗೆರೆ ಕಡೆಯವನು ಅನ್ನೋ ಒಂದೇ ಕಾರಣಕ್ಕೆ ನನಗೆ ಬೆಂಗಳೂರಲ್ಲಿ ಪುಕ್ಕಟೆ ಟ್ರಾವೆಲ್ ಏಜೆಂಟ್ ಕೆಲಸ ಸಿಕ್ಕಿಬಿಡುತ್ತೆ. "ಗುರೂ, ಶನಿವಾರ ಭಾನುವಾರಕ್ಕೆ ನಿಮ್ಮೂರ ಕಡೆ ಒಂದು ಪ್ಲಾನ್ ಹಾಕಿಕೊಡು, ಮಳೇಲಿ ಸಖತ್ತಾಗಿರುತ್ತಂತೆ!" ಹಾಕಿಕೊಡೋದಕ್ಕೆ ಏನೂ ಉಳಿದಿರಲ್ಲ ಬಿಡಿ, ಅವರ ಹತ್ತಿರ ಆಗಲೇ ಪಟ್ಟಿ ರೆಡಿ ಇರುತ್ತೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬಿಡೋದು. ಬೆಳಿಗ್ಗೆ ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ (ಜುಲೈನಲ್ಲಿ! ಆ ತಿಂಗಳು ಸೂರ್ಯ ಇದ್ದಾನೋ ಇಲ್ವೋ ಅಂತ ನಮಗೇ ಗೊತ್ತಾಗಲ್ಲ ಸ್ವಾಮೀ). ಆಮೇಲೆ ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ. ಭಾನುವಾರ ದೇವರಮನೆ, ಎತ್ತಿನಭುಜ, ಚಾರ್ಮಾಡಿ ಘಾಟಿ, ಟೈಮ್ ಇದ್ರೆ ಹೊರನಾಡು, ವಾಪಸ್ ಬರ್ತಾ ಬೇಲೂರು, ಹಳೇಬೀಡು. ಟೈಮ್ ಇದ್ರೆ ಅಂತೆ....

ನೀವು ನಮ್ಮೂರಿಗೆ ಬರೋದರ ಬಗ್ಗೆ ನನ್ನ ತಕರಾರಿಲ್ಲ, ಬನ್ನಿ. ತಕರಾರು ಇರೋದು ಈ ಪ್ಲಾನಿನ ಬಗ್ಗೆ. ಅದರಲ್ಲಿ ಎಲ್ಲಿ ತಿಂಡಿ, ಎಲ್ಲಿ ಊಟ, ಎಲ್ಲಿ ಫೋಟೋ ಎಲ್ಲಾ ಇರುತ್ತೆ. "ಇಂಥಾ ಪರಿಸ್ಥಿತಿ ಬಂದ್ರೆ ಹೋಗೋದು ಬೇಡ" ಅನ್ನೋ ಒಂದು ಸಾಲು ಮಾತ್ರ ಇರಲ್ಲ. ಮಳೆಗಾಲದಲ್ಲಿ ಘಟ್ಟದ ಕಡೆ ಹೊರಡೋ ಯಾವ ಪ್ಲಾನಿನಲ್ಲಾದ್ರೂ ಅದೇ ಮೊದಲನೇ ಸಾಲು ಆಗಿರಬೇಕು ಅನ್ನೋದು ನನ್ನ ವಾದ.

ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡೋದು 24 ಗಂಟೆಯಲ್ಲಿ 20 ಸೆಂಟಿಮೀಟರಿಗೂ ಹೆಚ್ಚು ಮಳೆ ಬೀಳೋ ಸಂಭವ ಇದ್ದಾಗ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳೋದೇ ಸುಮಾರು ನೂರು ಸೆಂಟಿಮೀಟರು. ಅಂದ್ರೆ ನಿಮ್ಮ ವರ್ಷದ ಮಳೆಯ ಐದನೇ ಒಂದು ಭಾಗ ನಮ್ಮ ಒಂದು ದಿನಕ್ಕೆ! ನಿಮ್ಮೂರಲ್ಲಿ ಒಂದು ಗಂಟೆ ಜೋರು ಮಳೆ ಬಂದ್ರೆ ಅಂಡರ್‌ಪಾಸಿನಲ್ಲಿ ಬಸ್ಸು ತೇಲುತ್ತೆ, ಆಫೀಸಿನವರು "ಮನೆಯಿಂದಲೇ ಕೆಲಸ ಮಾಡಿ" ಅಂತಾರೆ. ನಮ್ಮ ಕಡೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡ್ತಾರೆ. ಯಾಕೆ ಅಂದ್ರೆ ಮಕ್ಕಳು ಹಳ್ಳ ದಾಟಿ ನಡೆದು ಬರಬೇಕು, ಕಾಲುಸಂಕ ಕೊಚ್ಚಿಹೋಗಿರಬಹುದು, ಒಣಗಿದ ಮರ ಯಾವಾಗ ಬೀಳುತ್ತೋ ಗೊತ್ತಿಲ್ಲ. ಸರಿ, ನಮ್ಮ ಮಕ್ಕಳು ಮನೇಲಿ ಕೂತಿರ್ತವೆ. ಅದೇ ದಿನ ಅದೇ ರಸ್ತೆ ಮೇಲೆ ಐವತ್ತು ಕಾರು ಜಲಪಾತ ನೋಡೋಕೆ ಹೋಗ್ತಿರುತ್ತೆ. ಇದಕ್ಕೆ ಏನು ಹೇಳೋದು?

ಇದನ್ನ ಹೆದರಿಸೋಕೆ ಹೇಳ್ತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕೆಸರಾಗಿ ಹರಿದಿದ್ದು ನೆನಪಿದೆಯಲ್ಲ? 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿತು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿತ್ತು, ಅದಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳಲ್ಲಿ ನೂರಾರು ಜನ ಹೋದರು. ಎಲ್ಲಾ ಜುಲೈ-ಆಗಸ್ಟಿನಲ್ಲೇ. ರಸ್ತೆ ಅಗಲ ಮಾಡೋಕೆ ಅಂತ ಗುಡ್ಡದ ಬುಡ ನೆಟ್ಟಗೆ ಕಡಿದಿರ್ತಾರೆ, ಮೇಲೆ ನೀರು ಕುಡಿದು ಭಾರ ಆದ ಮಣ್ಣು ಇರುತ್ತೆ. ಅದು ಜಾರೋಕೆ ನಿಮ್ಮ ಪ್ಲಾನಿನಲ್ಲಿ ಬರೆದ ಟೈಮು ನೋಡಲ್ಲ.

ಇನ್ನು ಘಾಟಿ ವಿಷಯ. ನಿಮಗೆ ಚಾರ್ಮಾಡಿ ಅಂದ್ರೆ ವ್ಯೂ ಪಾಯಿಂಟು. ನಮಗೆ ಅದು ಆಸ್ಪತ್ರೆ ದಾರಿ. ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯವರಿಗೆ ದೊಡ್ಡ ಕಾಯಿಲೆ ಬಂದ್ರೆ ಮಂಗಳೂರಿಗೆ ಇಳಿಯೋದು ಇಲ್ಲೇ. ಶೃಂಗೇರಿ, ತೀರ್ಥಹಳ್ಳಿ ಕಡೆಯವರು ಆಗುಂಬೆಯ ಹದಿನಾಲ್ಕು ತಿರುವು ಇಳಿದು ಮಣಿಪಾಲಕ್ಕೆ ಹೋಗ್ತಾರೆ. ಎರಡು ಮಳೆಗಾಲದ ಹಿಂದೆ ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂತು. ಭಾನುವಾರ ಮಧ್ಯಾಹ್ನ. ಘಾಟಿಯಲ್ಲಿ ಒಂದು ತಿರುವಿನ ಹತ್ತಿರ, ಬಂಡೆ ಮೇಲಿಂದ ನೀರು ಬೀಳೋ ಜಾಗ, ಎರಡೂ ಕಡೆ ಕಾರು ನಿಲ್ಲಿಸಿ ಡೋರು ತೆಗೆದು ಹಾಡು ಹಾಕ್ಕೊಂಡು ಕುಣೀತಿದ್ದಾರೆ. ಆಂಬುಲೆನ್ಸು ಸೈರನ್ ಹೊಡೀತಾ ನಿಂತಿದೆ. ನಮ್ಮಣ್ಣ ಇಳಿದು ಮಳೇಲಿ ಒಂದೊಂದೇ ಕಾರಿನ ಹತ್ತಿರ ಹೋಗಿ ಕೈಮುಗಿದ. ಒಬ್ಬ ಹೇಳಿದನಂತೆ, "ಒಂದೇ ನಿಮಿಷ ಬ್ರೋ, ವಿಡಿಯೋ ಮುಗೀತು." ಮೂವತ್ತೈದು ನಿಮಿಷ ಆಯ್ತು ಅಲ್ಲಿಂದ ಬಿಡೋಕೆ. ದೊಡ್ಡಪ್ಪ ಉಳಿದರು, ಅವರ ಗಟ್ಟಿ ಜೀವ. ಆದ್ರೆ ಆ ಮೂವತ್ತೈದು ನಿಮಿಷ ದೊಡ್ಡಮ್ಮ ಅವರ ಕೈ ಹಿಡಿದು ಕೂತಿದ್ರಲ್ಲ, ಆ ಲೆಕ್ಕ ಯಾವ ಪ್ರವಾಸೋದ್ಯಮದ ಅಂಕಿಅಂಶದಲ್ಲೂ ಬರಲ್ಲ.

"ನಿಮ್ಮೂರಿಗೆ ದುಡ್ಡು ಬರುತ್ತಲ್ಲಪ್ಪಾ" ಅಂತ ಕೇಳೋರು ಇದ್ದಾರೆ. ಬರುತ್ತೆ, ಇಲ್ಲ ಅನ್ನಲ್ಲ. ಕಾಫಿಗೆ ರೇಟು ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆ ಹೋಂಸ್ಟೇಯಿಂದಲೇ ನಡೆದಿದೆ. ಆದ್ರೆ ಯಾರಿಂದ ಬರುತ್ತೆ ಅಂತಲೂ ನೋಡಿ. ಎರಡು ರಾತ್ರಿ ಉಳಿದು, ಅಕ್ಕಿರೊಟ್ಟಿ ಕಳಲೆ ಪಲ್ಯ ತಿಂದು, ಹೋಗುವಾಗ ಜೇನುತುಪ್ಪ, ಕಾಳುಮೆಣಸು, ಕಾಫಿಪುಡಿ ಕಟ್ಟಿಸಿಕೊಂಡು ಹೋಗೋರಿಂದ. ಒಂಬತ್ತು ಪಾಯಿಂಟ್ ಪ್ಲಾನಿನವರು ಹೆದ್ದಾರಿಯಲ್ಲಿ ತಿಂಡಿ ತಿಂದು, ಊರಿಂದ ತಂದ ಚಿಪ್ಸು ಬಾಟ್ಲಿ ನಮ್ಮ ಹುಲ್ಲುಗಾವಲಿನಲ್ಲಿ ಖಾಲಿ ಮಾಡಿ, ಖಾಲಿದನ್ನ ಅಲ್ಲೇ ಬಿಟ್ಟು ಹೋಗ್ತಾರೆ. ಅದನ್ನ ಹೆಕ್ಕೋದು ಪಂಚಾಯ್ತಿಯವರು ಇಲ್ಲಾ ಊರಿನ ಹುಡುಗರು.

"ನಮಗೆ ರಜೆ ಸಿಗೋದೇ ವೀಕೆಂಡಿನಲ್ಲಿ" ಅನ್ನೋದು ಇನ್ನೊಂದು. ಇದು ಮಾತ್ರ ನಿಜವಾದ ಕಷ್ಟ, ಒಪ್ಪಿದೆ. ಆದ್ರೆ ವೀಕೆಂಡ್ ಒಂದೇ ಸಿಗೋದು ಅಂದ್ಮೇಲೆ ಒಂದೇ ಊರು ಸಾಕಲ್ವಾ? ಎಲ್ಲರಿಗೂ ಅದೇ ಎರಡು ದಿನ, ಎಲ್ಲರ ಪಟ್ಟಿಯಲ್ಲೂ ಅದೇ ಹತ್ತು ಜಾಗ. ಆಮೇಲೆ ಜಾಮ್ ಆಯ್ತು ಅಂತ ಬೈಯೋದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆ ಥರ ಜನ ನಿಂತಿದ್ದ ವಿಡಿಯೋ ನೋಡಿರ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ಊಟಿ, ಕೊಡೈಕೆನಾಲಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂತು. 2025ರ ಬೇಸಿಗೆಗೆ ಮದ್ರಾಸ್ ಹೈಕೋರ್ಟು ಊಟಿಗೆ ದಿನಕ್ಕೆ 6,000 ವಾಹನ, ವಾರಾಂತ್ಯದಲ್ಲಿ 8,000 ಅಂತ ಮಿತಿ ಹಾಕಿತು. ಮುಳ್ಳಯ್ಯನಗಿರಿ ಕಡೆಗೂ 2025ರಲ್ಲಿ ಮುಂಚೆಯೇ ಹೆಸರು ನೋಂದಾಯಿಸಬೇಕು ಅನ್ನೋ ನಿಯಮ ಬಂತು. ಆಗ ಎಷ್ಟು ಗೊಣಗಾಟ! "ಬೆಟ್ಟ ನೋಡೋಕೂ ಪರ್ಮಿಶನ್ನಾ?" ಸಿನಿಮಾ ಥಿಯೇಟರಿನಲ್ಲಿ ಹೌಸ್‌ಫುಲ್ ಬೋರ್ಡ್ ಹಾಕಿದ್ರೆ ಸುಮ್ಮನೆ ವಾಪಸ್ ಬರ್ತೀವಿ. ಸೀತಾಳಯ್ಯನಗಿರಿಯಿಂದ ಮೇಲಕ್ಕೆ ಹೋಗೋ ಆ ಕಿರಿದಾದ ರಸ್ತೆಗೆ ಹೌಸ್‌ಫುಲ್ ಆಗಲ್ವಾ? ನನ್ನ ಕೇಳಿದ್ರೆ ಮಿತಿ ಬಂದಿದ್ದೇ ತಡ ಆಯ್ತು.

ಈಗ ನಮ್ಮ ಬ್ಲಾಗ್ ಬಳಗಕ್ಕೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಪ್ರವಾಸದ ಬರಹ ನನಗೂ ಇಷ್ಟ. ಆದ್ರೆ "ಯಾರಿಗೂ ಗೊತ್ತಿಲ್ಲದ ಜಲಪಾತ" ಅಂತ ಶೀರ್ಷಿಕೆ ಕೊಟ್ಟು, ಕೆಳಗೆ ಎಷ್ಟನೇ ಕಿಲೋಮೀಟರಿಗೆ ಎಡಕ್ಕೆ ತಿರುಗಬೇಕು, ಯಾರ ತೋಟದ ಬೇಲಿ ದಾಟಬೇಕು ಅಂತ ಬರೆಯೋದು ಯಾಕೆ? ಯಾರಿಗೂ ಗೊತ್ತಿಲ್ಲ ಅಂತೀರಲ್ಲ, ಆ ಹಳ್ಳದ ನೀರಿಗೆ ಪೈಪು ಹಾಕಿ ಕುಡಿಯೋ ನಾಲ್ಕು ಮನೆಯವರಿಗೆ ಅದು ಅಜ್ಜನ ಕಾಲದಿಂದ ಗೊತ್ತು! ನೀವು ನೋಡಿದ್ದನ್ನ ಚೆಂದ ಮಾಡಿ ಬರೀರಿ, ಮಂಜು, ಇಂಬಳ, ಒದ್ದೆ ಮಣ್ಣಿನ ವಾಸನೆ ಎಲ್ಲಾ ಬರೀರಿ. ದಾರಿ ಮಾತ್ರ ಬರೀಬೇಡಿ. ರೀಲ್ಸ್ ಮಾಡೋರು ನನ್ನ ಮಾತು ಕೇಳಲ್ಲ, ಓದೋ ಬರೆಯೋ ನೀವಾದ್ರೂ ಕೇಳ್ತೀರಿ ಅಂತ ಆಸೆ :-)

ಹಾಗಾದ್ರೆ ಯಾವಾಗ ಬರೋದು ಅಂತೀರಾ? ಅಕ್ಟೋಬರಿನಿಂದ ಆಚೆ ಬನ್ನಿ. ಮಳೆ ಹಿಂದೆ ಸರಿದು ಬೆಟ್ಟ ಇನ್ನೂ ಹಸಿರಾಗಿರುತ್ತೆ, ಹಳ್ಳದಲ್ಲಿ ನೀರೂ ಇರುತ್ತೆ, ಮೇಲೆ ಹತ್ತಿದ್ರೆ ಬಿಳಿ ಗೋಡೆ ಬಿಟ್ಟು ಬೇರೆ ಏನಾದ್ರೂ ಕಾಣುತ್ತೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲು, ಕಣದ ತುಂಬಾ ಹಣ್ಣು ಒಣಗೋಕೆ ಹಾಕಿರ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಮಲ್ಲಿಗೆ ಥರದ ಆ ವಾಸನೆಗೆ ಜೇನ್ನೊಣಗಳಿಗೆ ತಲೆ ಕೆಟ್ಟಿರುತ್ತೆ. ಇಷ್ಟಿದ್ದೂ ನಮ್ಮ ಪ್ಲಾನಿಗರಿಗೆ ಬೇಕಾಗಿರೋದು ಜುಲೈ ಮೂರನೇ ವಾರ. ಮಳೇನೇ ನೋಡಬೇಕು ಅಂತ ಹಟ ಇದ್ದರೆ ಒಂದು ಮನೆ ಹಿಡಿದು ಜಗಲಿಯಲ್ಲಿ ಕೂತು ನೋಡಿ. ನಾವು ನೋಡೋದೂ ಹಾಗೇ.

ಕೊನೆಯದಾಗಿ ಹೋಂಸ್ಟೇ ನಡೆಸೋ ನಮ್ಮೂರಿನವರಿಗೆ. ಜನ ರೆಡ್ ಅಲರ್ಟಿನಲ್ಲೂ ಹೊರಟು ಬರೋದಕ್ಕೆ ಮಳೆ ಹುಚ್ಚು ಅರ್ಧ ಕಾರಣ, ಇನ್ನರ್ಧ ನೀವು ಇಟ್ಟುಕೊಂಡಿರೋ ಅಡ್ವಾನ್ಸ್. ನಾಲ್ಕು ಜನರ ದುಡ್ಡು ಹೋಗುತ್ತೆ ಅಂತ ಲೆಕ್ಕ ಹಾಕಿ, "ಹೋಗ್ಲಿ ನೋಡೇಬಿಡೋಣ" ಅಂತ ಸ್ಟಿಯರಿಂಗ್ ಹಿಡೀತಾರೆ. ಜಿಲ್ಲಾಡಳಿತ ಶಾಲೆಗೆ ರಜೆ ಕೊಟ್ಟ ದಿನದ ಬುಕಿಂಗಿಗೆ ದುಡ್ಡು ವಾಪಸ್ ಕೊಡಿ, ಇಲ್ಲಾ ನವೆಂಬರಿಗೆ ಬನ್ನಿ ಅಂತ ದಿನ ಬದಲಾಯಿಸಿ ಕೊಡಿ. ನಮ್ಮ ಚಿಕ್ಕಪ್ಪ ಹೋದ ವರ್ಷದಿಂದ ಹೀಗೇ ಮಾಡ್ತಿದ್ದಾರೆ. ಜುಲೈನಲ್ಲಿ ಆರು ಬುಕಿಂಗ್ ರದ್ದಾಯ್ತು. ಅದರಲ್ಲಿ ನಾಲ್ಕು ಮನೆಯವರು ನವೆಂಬರಿನಲ್ಲಿ ಬಂದರು, ಒಬ್ಬರು ಮೂರು ದಿನ ಉಳಿದರು.